ಬೋರನ ಕಿವಿ

ನವೆಂಬರ್ 6, 1967. ಸೋಮವಾರ

ಈ ಮನೆಯಲ್ಲಿ ಏನೋ ಇದೆ. ನನಗೆ ಮಾತ್ರ ಅದರ ವಾಸನೆ ಬರುತ್ತಿದೆ.

ಕಂಪಲಾಪುರದ ದನದ ದಲ್ಲಾಳಿ ಕಂಠಪ್ಪನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಕೊಂಬು ಹೆರೆದು, ಎಣ್ಣೆ ಹಚ್ಚಿ, ಮುದಿ ಎತ್ತನ್ನು ಎಳೆಯದು ಮಾಡಿ ನಿಲ್ಲಿಸಿದರೂ ಅದು ಮೂತಿ ಎತ್ತುವ ಮೊದಲೇ ವಯಸ್ಸು ಹೇಳಿಬಿಡುತ್ತೇನೆ. ಅಂಥ ನನಗೇ ಅಕ್ಕನ ಮಗ ಟೋಪಿ ಹಾಕುತ್ತಿದ್ದಾನೆ ಎಂದು ಅನುಮಾನ.

ನಂಜಣ್ಣ ಮಿಲಿಟರಿಯಲ್ಲಿದ್ದ. ಎರಡು ವರ್ಷದ ಹಿಂದಿನ ಯುದ್ಧದಲ್ಲಿ ಪಕ್ಕದಲ್ಲೇ ಗುಂಡು ಸಿಡಿದು ಎರಡೂ ಕಿವಿ ಹೋದವು ಎಂದು ಮನೆಗೆ ಕಳಿಸಿದರು. ಆ ಕಿವಿಗೆ ತಿಂಗಳು ತಿಂಗಳು ಪೆನ್ಷನ್ನು. ಇವತ್ತು ಅದು ಬಂತು. ಅಂಚೆಯ ಮಂಟಯ್ಯ ಜಗಲಿಯ ಮೇಲೆ ಕೂತು ಮನಿಯಾರ್ಡರು ಕೊಟ್ಟ, ನಮ್ಮಕ್ಕ ಶಿವರುದ್ರಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು. ಗಂಡ ಸತ್ತು, ಇರುವ ಹೊಲವನ್ನು ಬೆಳೆಯ ಪಾಲಿಗೆ ವಾರಕ್ಕೆ ಕೊಟ್ಟು ಕೂತ ಅಕ್ಕನಿಗೆ ಕೈಗೆ ಸಿಗುವ ಕಾಸು ಅದೊಂದೇ. ರಾಗಿ, ಉಪ್ಪು, ಸೀಮೆಎಣ್ಣೆ, ಅಕ್ಕನ ದಮ್ಮಿನ ಔಷಧಿ, ನನ್ನ ನಶ್ಯ, ಎಲ್ಲ ಅದರಲ್ಲೇ. ನಾನು ಈ ಮನೆಗೆ ಗಂಡುದಿಕ್ಕಾಗಿ ಬಂದು ಒಂದೂವರೆ ವರ್ಷವಾಯಿತು. ಮನೆ ಕಾಯುವವನು ಸಂತೆಗೆ ಹೋಗಲು ಆಗುತ್ತದೆಯೇ? ಹೋಗುತ್ತಿಲ್ಲ.

ಅನುಮಾನಕ್ಕೆ ಕಾರಣ: ನಂಜಣ್ಣ ಹಗಲೆಲ್ಲ ಕೊಟ್ಟಿಗೆಯಲ್ಲಿ ಮುದಿ ಎತ್ತು ಬೋರನ ಮುಂದೆ ಕೂತಿರುತ್ತಾನೆ. ಹಿಂದಿನಿಂದ ನಾನು ಬೆಕ್ಕಿನ ಹೆಜ್ಜೆಯಲ್ಲಿ ಹೋದರೂ ತಿರುಗಿ, ಊರಿಗೆಲ್ಲ ಕೇಳುವಂತೆ, "ಬಾ ಮಾವಾ" ಎನ್ನುತ್ತಾನೆ. ಕಿವುಡನಿಗೆ ಬೆನ್ನಲ್ಲಿ ಕಣ್ಣಿದೆಯೇ?

ನವೆಂಬರ್ 9. ಗುರುವಾರ

ಇವತ್ತು ಪರೀಕ್ಷೆ ಮಾಡಿಯೇಬಿಟ್ಟೆ. ಅಕ್ಕನ ಹಿತ್ತಾಳೆ ಕೊಳಗವನ್ನು ಎತ್ತಿಕೊಂಡು ಹಿತ್ತಿಲ ಕಡೆಯಿಂದ ಕೊಟ್ಟಿಗೆಗೆ ಹೋದೆ. ನಂಜಣ್ಣ ಬೋರನಿಗೆ ಎದುರಾಗಿ, ನನಗೆ ಬೆನ್ನು ಮಾಡಿ ಕೂತಿದ್ದ. ಕೊಳಗವನ್ನು ಕಲ್ಲಿನ ಮೇಲೆ ಬಿಟ್ಟೆ. ಢಣಾರ್!

ಥಟ್ಟನೆ ತಿರುಗಿದ! ಬೋರನೂ ಬೆದರಿದ, ನಂಜಣ್ಣನೂ ತಿರುಗಿದ.

"ಕೊಳಗ ಯಾಕ್ ತಂದೆ ಮಾವಾ?" ಎಂದ.

ಕೇಳುತ್ತದೆ. ಸತ್ಯವಾಗಿ ಕೇಳುತ್ತದೆ. ಕಂಡುಹಿಡಿದವನು ಕಂಠಪ್ಪ. ಕೊಳಗದ ಅಂಚು ನೆಗ್ಗಿದೆ. ಅಕ್ಕನಿಗೆ ಬೆಕ್ಕು ಬೀಳಿಸಿತು ಎಂದೆ.

ನವೆಂಬರ್ 10

ಮನೆಯೊಳಗೆ ಊಟಕ್ಕೆ ಕೂತಾಗ ಹಿಂದಿನಿಂದ ಕೈ ತಟ್ಟಿದೆ. ತಿರುಗಲಿಲ್ಲ. ತಟ್ಟೆ ಬೀಳಿಸಿದೆ. ಮುದ್ದೆ ನುಂಗುತ್ತಲೇ ಇದ್ದ. ಅಕ್ಕನ ಮುಂದೆ ಏನು ನಟನೆ! ರೆಪ್ಪೆ ಸಹ ಮಿಟುಕಿಸಲಿಲ್ಲ. ಮಿಲಿಟರಿಯಲ್ಲಿ ಇದನ್ನೂ ಕಲಿಸುತ್ತಾರೇನೋ.

ನವೆಂಬರ್ 14. ಮಂಗಳವಾರ

ಬೆಳಿಗ್ಗೆ ರಾಚಮ್ಮನ ಟೀ ಅಂಗಡಿಗೆ ಹೋಗಿದ್ದೆ. ಬೆಂಚಿನ ತುಂಬ ಜನ. ಮಂಚಯ್ಯನೂ ಇದ್ದ. ಅವನೂ ದಲ್ಲಾಳಿಯೇ, ನಾನು ಸಂತೆ ಬಿಟ್ಟ ಮೇಲೆ ತಲೆ ಎತ್ತಿದವನು. ಕಾಡಾನೆ ಹಿಡಿದ ಕಾಕನಕೋಟೆ ಖೆಡ್ಡಾದ ಕಥೆ ಹೇಳು ಎಂದು ಹುಡುಗರು ಕೇಳಿದರು. ಆನೆಯ ಹಿಂಗಾಲಿಗೆ ನಾನು ಹಗ್ಗ ಹಾಕಿದ್ದು, ಮಹಾರಾಜರು ದೂರದಿಂದ ನೋಡಿ ಯಾರಯ್ಯಾ ಅವನು ಎಂದು ಕೇಳಿದ್ದು, ಎಲ್ಲವನ್ನೂ ಹೇಳಿದೆ. ಎಷ್ಟು ಸಲ ಹೇಳಿದರೂ ಜನಕ್ಕೆ ಸಾಲದು. ರಾಚಮ್ಮ ಇನ್ನೊಂದು ಟೀ ಕೊಟ್ಟಳು.

ಮಂಚಯ್ಯನಿಗೆ ಹೊಟ್ಟೆಯುರಿ. "ನೀನು ಬುಡಪ್ಪ ಕಂಠಣ್ಣ, ಆನೆ ಕಟ್ಟಿದೋನು. ಈಗ ಅಳಿಯನ ಪೆನ್ಸನ್ನಿಗೆ ಕಟ್ಟಾಕೊಂಡು ಕುಂತಿದೀಯ," ಎಂದ. ಎಲ್ಲರೂ ನಕ್ಕರು.

ನಾನು ಬಿಡುವವನೇ? "ಲೇ ಮಂಚ, ನನ್ನಳಿಯ ಅಂದ್ರೆ ಯಾರು ಅಂತ ತಿಳ್ಕಂಡಿದೀಯಲಾ? ಡಿಲ್ಲಿ ಡಾಕ್ಟರುಗಳ್ಗೇ ಟೋಪಿ ಹಾಕವ್ನೆ! ಅವನ ಕಿವಿ ಮೊಲದ ಕಿವಿ ಕಣ್ಲಾ. ಇಲ್ಲಿ ನೀನು ಕೆಮ್ಮಿದ್ರೆ ಅಲ್ಲಿ ಕೊಟ್ಟಿಗೇಲಿ ಯಾರು ಕೆಮ್ಮಿದ್ದು ಅಂತ ಹೇಳ್ತಾನೆ. ಬುದ್ಧಿ ಎಲ್ಲಿಂದ ಬಂತು? ಸೋದರಮಾವನಿಂದ!"

ಮಂಚಯ್ಯನ ಮುಖ ನೋಡಬೇಕಿತ್ತು. ದುಡ್ಡು ಕೊಡದೆ ಎದ್ದು ಬಂದೆ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನವೆಂಬರ್ 23. ಗುರುವಾರ

ಒಂದು ಯೋಚನೆ ಹತ್ತಿ ನಿದ್ದೆ ಕೆಡಿಸಿದೆ. ಇವನಿಗೆ ಕೇಳುತ್ತದೆ ಎಂದಾದರೆ, ಒಂದೂವರೆ ವರ್ಷದಿಂದ ಇವನ ಹಿಂದೆ ನಿಂತು ನಾನು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾನೆ! ಅವನ ಮೀಸೆಯನ್ನು ಪೊರಕೆ ಎಂದದ್ದು, ಅಕ್ಕನ ಸಾರನ್ನು ಕೆರೆ ನೀರು ಎಂದದ್ದು, ಅಕ್ಕನ ಸೀರೆಗಂಟಿನಿಂದ ನಶ್ಯಕ್ಕೆಂದು ತೆಗೆದದ್ದನ್ನು ಬೋರನಿಗೆ ಹೇಳಿಕೊಂಡದ್ದು. ಎಲ್ಲ ಕೇಳಿ, ತಿರುಗಿ, ಮುಗುಳ್ನಗುತ್ತ "ಬಾ ಮಾವಾ" ಎಂದನಲ್ಲ. ಎಂಥ ಆಳದ ಮನುಷ್ಯ!

ಬೋರನನ್ನು ಮಾರೋಣ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವನಿಗೆ ಏನು ಹೇಳಬೇಕಾದರೂ ಸ್ಲೇಟೇ. ಆ ಎತ್ತು ಉಳುವುದಿಲ್ಲ, ಎಳೆಯುವುದಿಲ್ಲ, ಪೆನ್ಷನ್ನಿನಲ್ಲಿ ಹುಲ್ಲು ತಿನ್ನುತ್ತದೆ. ನಂಜಣ್ಣ ಬರಹವನ್ನು ಅಂಗೈಯಿಂದ ಅಳಿಸಿದ.

"ಬೋರನ್ನ ಮಾರಕಿಲ್ಲ ಕಣ್ ಮಾವಾ! ಬೇಕಾದ್ರೆ ನನ್ನ ಮಾರು!"

ಕೂಗಿದ್ದಕ್ಕೆ ಬೀದಿಯ ಜನ ಬಂದು ನೋಡಿದರು. ಆ ಎತ್ತಿನಲ್ಲಿ ಏನೋ ಇದೆ.

ಡಿಸೆಂಬರ್ 7. ಗುರುವಾರ

ಮನಿಯಾರ್ಡರು ಬಂದಿಲ್ಲ. ಅಕ್ಕ ಮಜ್ಜಿಗೆ ಮಾಡಿಟ್ಟು ಜಗಲಿಯಲ್ಲಿ ಕೂತಿದ್ದಳು. ಮಂಟಯ್ಯ ನಮ್ಮ ಮನೆ ದಾಟಿ ಸೈಕಲ್ಲು ತುಳಿದುಕೊಂಡು ಹೋದ. ತಲೆ ಎತ್ತಲಿಲ್ಲ. ಅವನ ಮೇಲೇ ನನಗೆ ಅನುಮಾನ. ಹೊಸ ಚಪ್ಪಲಿ ಬೇರೆ ಹಾಕಿದ್ದ.

ಡಿಸೆಂಬರ್ 9. ಶನಿವಾರ

ಮಂಟಯ್ಯನಲ್ಲ. ಅವನೇ ಬಂದು ಅಕ್ಕನ ಮುಂದೆ ಕೈ ಮುಗಿದ. "ಅವ್ವಾ, ಯಾರೋ ಪುಣ್ಯಾತ್ಮರು ಮೇಲಕ್ಕೆ ಹೇಳವ್ರೆ. ನಂಜಣ್ಣನಿಗೆ ಕಿವಿ ಕೇಳ್ತದೆ, ಸುಳ್ಳು ಹೇಳ್ಕಂಡು ಸರ್ಕಾರದ ಕಾಸು ತಿಂತಾವ್ನೆ ಅಂತ. ವಿಚಾರಣೆ ಆಗೋಗಂಟ ತಡೆದವ್ರೆ. ಮೈಸೂರ್ಗೆ ಕರೀತಾರೆ, ಡಾಕ್ಟರು ನೋಡ್ತಾರೆ. ಅವರು ಇಲ್ಲ ಅಂದ್ರೆ ಇಲ್ಲ. ಪೂರ್ತಿ ನಿಂತೋಯ್ತದೆ."

ಅಕ್ಕ ಕಂಬ ಹಿಡಿದುಕೊಂಡು ಕೂತಳು. ಅವಳಿಗೆ ದಮ್ಮು ಎದ್ದಿತು.

ಯಾರು ಹೇಳಿರಬಹುದು? ಎದುರುಮನೆ ಪುಟ್ಟಮಾದಮ್ಮ? ನಮ್ಮ ಹುಂಜ ಅವಳ ತೊಗರಿ ತಿಂದಾಗಿನಿಂದ ಮಾತಿಲ್ಲ. ಹೊಲ ವಾರಕ್ಕೆ ಮಾಡುತ್ತಿರುವ ಚಾಮಯ್ಯ? ಪೆನ್ಷನ್ನು ನಿಂತರೆ ಹೊಲ ಮಾರುತ್ತಾರೆ ಎಂದು ಕಾಯುತ್ತಿರಬಹುದು. ಊರಲ್ಲಿ ಬಾಯಿಗೆ ಬೀಗವಿಲ್ಲದವರು ಯಾರಿದ್ದಾರೋ! ಅಂಥವರ ನಾಲಿಗೆಗೆ ಸುಣ್ಣ ಇಡಬೇಕು.

ಡಿಸೆಂಬರ್ 18. ಸೋಮವಾರ

ಸಾರಿಗೆ ಬೇಳೆ ಇಲ್ಲ. ಹುರುಳಿ ಬೇಯಿಸಿದ ನೀರು. ನಶ್ಯ ಮುಗಿದು ಮೂಗು ನನ್ನದಲ್ಲವೆನ್ನಿಸುತ್ತಿದೆ. ಅಕ್ಕ ಆ ನೆಗ್ಗಿದ ಕೊಳಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಲ್ಲಿಗೋ ಹೋಗಿ, ಔಷಧಿಯ ಸೀಸೆ ಹಿಡಿದು ಬಂದಳು.

"ಲೋ ಕಂಠ," ಎಂದಳು, "ನೆಗ್ಗೈತೆ ಅಂತ ಅರ್ಧಕ್ಕೇ ಅಡ ಇಟ್ಕೊಂಡ ಕಣೋ. ಆ ಬೆಕ್ಕು ಇನ್ನೊಂದ್ಸಲ ಸಿಕ್ಲಿ."

ನಾಳೆ ಪಿರಿಯಾಪಟ್ಟಣದ ಕಡೆ ಹೋಗಿ ಬರುತ್ತೇನೆ. ಕಾಲಾಡಿಸಿದ ಹಾಗಾಗುತ್ತದೆ. ನಂಜಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ. ಅನುಮಾನ ಇರುವವನನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿರಬೇಕು.

ಡಿಸೆಂಬರ್ 19

ಎರಡು ಜೋಡಿ ಎತ್ತು ಕುದುರಿಸಿದೆ! ಸಂತೆಯಲ್ಲಿ ಕಾಲಿಟ್ಟ ಕೂಡಲೇ ದನಗಳೇ ನನ್ನನ್ನು ಗುರುತಿಸಿದವು.

ನಂಜಣ್ಣನಿಗೆ ಒಂದು ವಿದ್ಯೆ ತೋರಿಸಿದೆ. ದಲ್ಲಾಳಿಗಳು ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಕೇಳುವುದು, ಬೆರಳು ಮಡಿಸಿ ಇಲ್ಲವೆನ್ನುವುದು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಅವನ ಕೈಯನ್ನು ನನ್ನ ಟವೆಲಿನೊಳಗೆ ಎಳೆದುಕೊಂಡು ಒತ್ತಿ ತೋರಿಸಿದೆ. ಎರಡು ಸಲಕ್ಕೇ ಕಲಿತ! ಬರುತ್ತ ಬಸ್ಸಿನಲ್ಲಿ ಮತ್ತೆ ಕೈ ಚಾಚಿದ. ಕಂಪಲಾಪುರದವರೆಗೆ ಇಬ್ಬರೂ ಟವೆಲಿನ ಕೆಳಗೆ ಇಲ್ಲದ ಎತ್ತನ್ನು ಕೊಂಡು ಮಾರಿದೆವು. ಕೊನೆಗೆ ನನ್ನ ಕಿರುಬೆರಳು ತಿರುಚಿ ಗೆದ್ದ. ಈ ಒಂದೂವರೆ ವರ್ಷದಲ್ಲಿ ಅವನು ಯಾರ ಜೊತೆಯಾದರೂ ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿಲ್ಲ.

ಆಟ ಚೆನ್ನಾಗಿ ಆಡುತ್ತಾನೆ. ಅದಕ್ಕೇ ಅನುಮಾನ ಹೆಚ್ಚು.

ಜನವರಿ 17, 1968. ಬುಧವಾರ

ಚುಂಚನಕಟ್ಟೆಯ ದನದ ಜಾತ್ರೆಗೆ ಹೋಗಿದ್ದೆವು. ಎಲ್ಲಿ ನೋಡಿದರೂ ಕೊಂಬು. ವ್ಯಾಪಾರ ಬೇಕಾದಷ್ಟು.

ಮಧ್ಯಾಹ್ನ ಒಂದು ಹೋರಿ ಹಗ್ಗ ಕಿತ್ತುಕೊಂಡಿತು. ಜನ ಹೋ ಎಂದು ಕೂಗುತ್ತ ದಿಕ್ಕಾಪಾಲಾಗಿ ಓಡಿದರು. ಹೆಂಗಸರು ಚೀರಿದರು, ಯಾರೋ ತಮಟೆ ಬಡಿದರು. ನಂಜಣ್ಣ ಮಾತ್ರ ಒಂದು ಎತ್ತಿನ ಹಲ್ಲು ನೋಡುತ್ತ ಬಗ್ಗಿ ನಿಂತಿದ್ದ. ಹೋರಿ ಅವನ ಬೆನ್ನಿಗೆ ನೇರವಾಗಿ ಬರುತ್ತಿತ್ತು. ನಂಜಾ ಎಂದು ಕೂಗಿದೆ. ಮತ್ತೆ ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ.

ಆಮೇಲೆ ನಾನು ಏನನ್ನೋ ಎಡವಿ ಬಿದ್ದೆ. ಬೀಳುವಾಗ ಅವನ ಅಂಗಿ ಕೈಗೆ ಸಿಕ್ಕಿ ಅವನೂ ಬಿದ್ದ. ಹೋರಿ ಮೇಲಿಂದ ಹಾರಿಕೊಂಡು ಹೋಯಿತು. ನನ್ನ ಮೊಣಕೈ ಸಿಪ್ಪೆ ಎದ್ದಿದೆ. ಅಷ್ಟೆ.

ನಟನೆ ಮಾಡುವವನು ಎಲ್ಲಿಯವರೆಗೆ ಮಾಡುತ್ತಾನೆ? ಕೊಂಬು ಬೆನ್ನಿಗೆ ಬರುವವರೆಗೆ ಮಾಡುತ್ತಾನೆಯೇ? ಬಸ್ಸಿನಲ್ಲಿ ಕೈ ಚಾಚಿದ. ನಾನು ಟವೆಲು ಕೊಡಲಿಲ್ಲ. ಅದನ್ನು ಹೊದ್ದುಕೊಂಡು ಕೂತೆ. ಚಳಿ.

ಜನವರಿ 19. ಶುಕ್ರವಾರ

ಇವತ್ತು ಹಿತ್ತಿಲ ಕಡೆಯಿಂದಲ್ಲ, ಹುಲ್ಲಿನ ಮೆದೆಯ ಮೇಲೆ ಹತ್ತಿ ಮಲಗಿಕೊಂಡು, ಎದುರಿನಿಂದ ಕೊಟ್ಟಿಗೆ ನೋಡಿದೆ. ದಲ್ಲಾಳಿಯ ಕಣ್ಣಲ್ಲಿ ನೋಡಿದೆ. ಮನುಷ್ಯನನ್ನಲ್ಲ, ದನವನ್ನು.

ಅಕ್ಕ ಅಡುಗೆಮನೆಯಿಂದ ಹೊರಟಳು. ಬೋರನ ಎಡಗಿವಿ ಅತ್ತ ತಿರುಗಿತು. ನಂಜಣ್ಣ ಆ ಕಿವಿ ನೋಡಿದ, ಎಡಕ್ಕೆ ತಿರುಗಿದ, "ಬಾ ಅವ್ವಾ" ಎಂದ. ಬೀದಿಯಲ್ಲಿ ಮಂಟಯ್ಯನ ಸೈಕಲ್ಲು ಗಂಟೆ ಹೊಡೆಯಿತು. ಬೋರನ ಎರಡು ಕಿವಿಯೂ ಮುಂದಕ್ಕೆ. ನಂಜಣ್ಣ ಎದ್ದು ಬೀದಿಯ ಕಡೆ ನೋಡಿದ. ಹಿತ್ತಿಲಲ್ಲಿ ಬೆಕ್ಕು ನೆಗೆಯಿತು. ಬಲಗಿವಿ.

ಇಷ್ಟು ದಿನ ನಾನು ಹಿಂದೆ ನಿಂತು ನಂಜಣ್ಣನ ಕಿವಿ ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಅವನ ಮುಂದಿದ್ದ ಕಿವಿ.

ಮಧ್ಯಾಹ್ನ ಸುಮ್ಮನೆ ಬೋರನಿಗೆ ಒಂದು ಹಿಡಿ ಹುರುಳಿ ಹಾಕಿದೆ. ಅಕ್ಕ ನೋಡಿ, "ನಮಗೇ ಇಲ್ಲ, ಅದುಕ್ಯಾಕೋ?" ಎಂದಳು. ಮಾರುವ ದನ ಮೈ ತುಂಬಿಕೊಂಡಿರಬೇಕು ಎಂದೆ.

ಜನವರಿ 29. ಸೋಮವಾರ

ಮೈಸೂರಿಗೆ ಹೋಗಿ ಬಂದೆವು. ಡಾಕ್ಟರು ನಂಜಣ್ಣನನ್ನು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿದರು. ಹಿಂದಿನಿಂದ ಒಬ್ಬ ಕಬ್ಬಿಣದ ತಟ್ಟೆ ಎತ್ತಿ ನೆಲಕ್ಕೆ ಬಿಟ್ಟ. ನಾನು ಬೆಚ್ಚಿಬಿದ್ದೆ. ನಂಜಣ್ಣ ಅಲ್ಲಾಡಲಿಲ್ಲ.

"ರೀ, ನಿಮ್ಮ ಕಿವಿ ಚೆನ್ನಾಗಿದೆ. ಹೊರಗೆ ಕೂತ್ಕೊಳ್ಳಿ," ಎಂದು ಡಾಕ್ಟರು ನನಗೆ ಹೇಳಿದರು.

ಬಾಗಿಲ ಸಂದಿಯಿಂದ ನೋಡಿದೆ. ನಂಜಣ್ಣನ ಕಣ್ಣು ಆ ಬಿಳಿ ಗೋಡೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಮೂಲೆಯಿಂದ ಮೂಲೆಗೆ. ಕೊಟ್ಟಿಗೆಯಲ್ಲಿ ಧೈರ್ಯವಾಗಿ ಕೂರುವ ಹುಡುಗ, ಅಲ್ಲಿ ತೊಡೆಯ ಮೇಲೆ ಎರಡು ಕೈಯನ್ನೂ ಬಿಗಿಹಿಡಿದು ಕೂತಿದ್ದ.

ಡಾಕ್ಟರು ಆಮೇಲೆ ನನ್ನನ್ನು ಕರೆದು, "ನಮ್ಮ ಲೆಕ್ಕದಲ್ಲಿ ಕಿವುಡೇ. ಆದರೆ ಊರಲ್ಲಿ ಕೇಳಿಸುತ್ತದೆ, ಕರೆದರೆ ತಿರುಗುತ್ತಾನೆ ಎಂದು ದೂರು ಇದೆ. ಊರಿನ ವಿಚಾರಣೆ ಮುಗಿಯಲಿ," ಎಂದರು. ಬೋರನ ವಿಷಯ ಬಾಯಿತುದಿಗೆ ಬಂತು. ಎತ್ತಿನ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾನೆ ಸ್ವಾಮಿ ಎಂದರೆ ನಂಬುತ್ತಾರೆಯೇ? ನಾನೇ ಆಗಿದ್ದರೂ ಅನುಮಾನಪಡುತ್ತಿದ್ದೆ.

ಫೆಬ್ರವರಿ 8. ಗುರುವಾರ

ಜೀಪು ಬಂತು. ವಿಚಾರಣೆಯ ಸಾಹೇಬರು ನೇರವಾಗಿ ರಾಚಮ್ಮನ ಅಂಗಡಿಯಲ್ಲಿ ಕೂತು ನನ್ನನ್ನು ಕರೆಸಿದರು. ಊರೆಲ್ಲ ಅಲ್ಲೇ ಇತ್ತು. ಬಾಗಿಲಲ್ಲಿ ಅಕ್ಕ, ಅವಳ ಹಿಂದೆ ನಂಜಣ್ಣ.

"ನಂಜಣ್ಣನಿಗೆ ಕಿವಿ ಕೇಳುತ್ತದೆ ಎಂದು ಮೊದಲು ಹೇಳಿದ್ದು ಯಾರು ಎಂದು ಎಲ್ಲರನ್ನೂ ಕೇಳಿದೆ," ಎಂದರು ಸಾಹೇಬರು. "ಒಂದೇ ಹೆಸರು ಹೇಳುತ್ತಾರೆ. ನೀವೇ ಹೇಳಿದ್ದಂತೆ. ಇದೇ ಬೆಂಚಿನ ಮೇಲೆ."

ಇದು ಮಂಚಯ್ಯನ ಕುತಂತ್ರ. ನನ್ನ ಮಾತನ್ನು ನನ್ನಿಂದಲೇ ಕದ್ದು ಮಾರಿಕೊಂಡಿದ್ದಾನೆ. ಅಕ್ಕ ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ತಲೆ ಕುದುರೆ ಓಡಿದಂತೆ ಓಡಿತು. "ಹೇಳಿದ್ದು ದಿಟ ಬುದ್ಧಿ," ಎಂದೆ. "ಹೇಳ್ನಿಲ್ಲ ಅನ್ನಕಿಲ್ಲ. ಆದ್ರೆ ಈ ಬೆಂಚಿನ ಮೇಲೆ ನಾನು ಇನ್ನೂ ಏನೇನೋ ಹೇಳಿವ್ನಿ. ಅದ್ನೂ ಬರ್ಕಳಿ. ಕಾಕನಕೋಟೇಲಿ ಆನೆ ಕಾಲಿಗೆ ಹಗ್ಗ ಹಾಕ್ದೋನು ನಾನೇ ಅಂದಿವ್ನಿ. ಮಹಾರಾಜ್ರು ಯಾರಯ್ಯಾ ಅವನು ಅಂದ್ರು ಅಂದಿವ್ನಿ."

"ಹಾಕಿದ್ದಿರಾ?"

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ಈ ಊರು ಆ ಕಥೆ ಕೇಳುತ್ತ ಬಂದಿದೆ.

"ಹೋಗಿದ್ದು ದಿಟ ಬುದ್ಧಿ. ಸಾಕಾನೆಗಳಿಗೆ ಸೊಪ್ಪು ಹೊರಾಕೆ. ಕಾಡಾನೆ ಘೀಳಿಟ್ಟಾಗ ಮರ ಹತ್ತಿ ಕುಂತೋನು ಸಾಯಂಕಾಲ ಇಳಿದೆ. ಮಹಾರಾಜ್ರ ಬೆನ್ನೂ ಕಾಣ್ನಿಲ್ಲ."

ಮೊದಲು ರಾಚಮ್ಮ ನಕ್ಕಳು. ಆಮೇಲೆ ಎಲ್ಲರೂ. ನಾನು ದನಿ ಏರಿಸಿದೆ. "ಪಿರಿಯಾಪಟ್ಟಣ, ಹುಣಸೂರು, ಕೋಟೆ, ಈ ಮೂರು ತಾಲ್ಲೂಕಿಗೂ ನನ್ನಂಥ ಸುಳ್ಳುಗಾರ ಇನ್ನೊಬ್ಬ ಇಲ್ಲ ಬುದ್ಧಿ. ಇದ್ರೆ ತೋರ್ಸಿ, ಮೀಸೆ ಬೋಳಿಸ್ತೀನಿ. ಅಂಥೋನ ಮಾತು ಹಿಡ್ಕಂಡು ಆ ಕಿವುಡನ ಅನ್ನ ಕಿತ್ಕತೀರಾ?"

ಸಾಹೇಬರು ಮಂಚಯ್ಯನ ಕಡೆ ತಿರುಗಿದರು. "ಏನಯ್ಯಾ, ಇವರು ಹೇಳುವುದು ನಿಜವೇ?"

ಮಂಚಯ್ಯ ತಲೆ ಕೆರೆದುಕೊಂಡ. ನನ್ನನ್ನು ಸುಳ್ಳುಗಾರ ಎನ್ನುವ ಅವಕಾಶವನ್ನು ಅವನು ಬಿಡುತ್ತಾನೆಯೇ? "ಮೂರಲ್ಲ ಬುದ್ಧಿ," ಎಂದ. "ಕೆ.ಆರ್. ನಗರಾನೂ ಸೇರಿಸ್ಕಳಿ."

ಸಾಹೇಬರು ನಂಜಣ್ಣನ ಕಿವಿಯ ಹತ್ತಿರ ಹೋಗಿ ಒಮ್ಮೆ ಜೋರಾಗಿ ಕೂಗಿದರು. ನಂಜಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಜನ ಯಾಕೆ ನಗುತ್ತಿದ್ದಾರೆಂದು ಗೊತ್ತಾಗದೆ ತಾನೂ ಸ್ವಲ್ಪ ನಕ್ಕ. ಜೀಪು ಹೋಯಿತು.

ಹೇಗೆ ಗೆದ್ದೆ!

ಫೆಬ್ರವರಿ 9

ಅಕ್ಕ ಮುದ್ದೆ ಬಡಿಸಿದಳು. ಸಾರಿಗೆ ಬೆಣ್ಣೆ ಹಾಕಿದ್ದಳು. ಎಲ್ಲಿಂದ ತಂದಳೋ.

ಫೆಬ್ರವರಿ 20. ಮಂಗಳವಾರ

ಸಂತೆಯಲ್ಲಿ ನಾನು ಬಾಯಿ ಬಿಟ್ಟರೆ ಜನ, "ಆನೇನೂ ಐತಾ ಕಂಠಣ್ಣ?" ಎನ್ನುತ್ತಾರೆ. ಒಂದು ಹಸು ನಾಲ್ಕನೇ ಕರು ಹಾಕಿದೆ ಎಂದು ಸತ್ಯ ಹೇಳಿದೆ. ಕೊಳ್ಳುವವನು ಹೋಗಿ ಬೇರೆಯವರನ್ನು ಕೇಳಿ ಬಂದ. ನಂಜಣ್ಣ ಟವೆಲು ಹಾಸಿದರೆ ಮಾತ್ರ ಬಂದು ಕೈ ಕೊಡುತ್ತಾರೆ. ಮಾತಾಡದವನು ಸುಳ್ಳು ಹೇಗೆ ಹೇಳುತ್ತಾನೆ ಎಂದು ಅವರ ಲೆಕ್ಕ. ನಾನು ಹಗ್ಗ ಹಿಡಿದುಕೊಂಡು ಅವನ ಹಿಂದೆ ನಿಂತಿರುತ್ತೇನೆ. ಹಿಂದಿನಿಂದ ಏನಾದರೂ ಬಂದರೆ ಯಾರಾದರೂ ನೋಡಬೇಕಲ್ಲ.

ಮಾರ್ಚ್ 6. ಬುಧವಾರ

ಮನಿಯಾರ್ಡರು ಬಂತು! ನಿಂತಿದ್ದ ತಿಂಗಳುಗಳದೂ ಸೇರಿ. ಮಂಟಯ್ಯ ಬೀದಿಯ ತುದಿಯಿಂದಲೇ ಗಂಟೆ ಹೊಡೆದುಕೊಂಡು ಬಂದ. ಅಕ್ಕ ಮಜ್ಜಿಗೆಗೆ ಕೊತ್ತಂಬರಿ ಹಾಕಿ ಕೊಟ್ಟಳು, ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಅತ್ತಳು. ಹೊಗೆ ಎಂದಳು.

ನನಗೆ ನಶ್ಯದ ಕಾಸು ಚಾಚಿದಳು. ನನ್ನ ಹತ್ತಿರ ಇದೆ ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. "ಹುಷಾರಾಗಿದೀಯೇನೋ?" ಎಂದಳು. ಕೊಳಗ ಇಟ್ಟುಕೊಂಡವನ ಮನೆ ಯಾವುದು ಎಂದು ಕೇಳಿಕೊಂಡೆ. ಸುಮ್ಮನೆ.

ಮಾರ್ಚ್ 10. ಭಾನುವಾರ

ಮಂಚಯ್ಯ ಮನೆಗೇ ಬಂದ. ಬೋರ ಬೇಕಂತೆ. ಕಬ್ಬಿನ ಗಾಣಕ್ಕೆ ಸುಮ್ಮನೆ ಸುತ್ತುವ ಎತ್ತು ಯಾರಿಗೋ ಬೇಕಾಗಿದೆಯಂತೆ. ಟವೆಲು ಹಾಸಿದ. ಒಳಗೆ ಕೈ ಇಟ್ಟೆ. ಅವನು ಒತ್ತಿದ ಬೆರಳು ಎಣಿಸಿ ನನಗೇ ನಂಬಿಕೆ ಬರಲಿಲ್ಲ. ಮುದಿ ಎತ್ತಿಗೆ ಆ ಬೆಲೆ ಯಾರೂ ಕೊಡುವುದಿಲ್ಲ. ನನ್ನ ಎಲ್ಲ ಬೆರಳನ್ನೂ ಮಡಿಸಿದೆ.

"ಇಷ್ಟು ಸಾಲ್ದೇನ್ಲಾ ನಿಂಗೆ? ಅದರಲ್ಲಿ ಏನೈತೆ?" ಎಂದ.

"ಬೆಲೆ ಕಮ್ಮಿ," ಎಂದೆ.

ಅವನು ಹೋದ ಮೇಲೆ ಕೊಟ್ಟಿಗೆಗೆ ಹೋದೆ. ಈಗೀಗ ಹಿತ್ತಿಲ ಕಡೆಯಿಂದ ಹೋಗುವುದಿಲ್ಲ, ಸುತ್ತಿಕೊಂಡು ಮುಂದಿನಿಂದ ಹೋಗುತ್ತೇನೆ. ಹಿತ್ತಿಲಲ್ಲಿ ಮುಳ್ಳು. ಆದರೆ ಇವತ್ತು ನಂಜಣ್ಣ ಇರಲಿಲ್ಲ, ಕೆರೆಗೆ ಹೋಗಿದ್ದ. ನನಗೆ ಒಂದು ವಾರದಿಂದ ಇನ್ನೊಂದು ಅನುಮಾನ, ಈ ಸಲ ಬೋರನ ಮೇಲೆ. ಬಿಡಿಸಿಕೊಂಡು ತಂದ ಕೊಳಗವನ್ನು ಒಳಗಿನಿಂದ ತಂದು, ಬೋರನ ಹಿಂದೆ ನಿಂತು, ಕಲ್ಲಿನ ಮೇಲೆ ಬಿಟ್ಟೆ.

ಬಲಗಿವಿ ತಿರುಗಿತು. ಎಡಗಿವಿ ಹಾಗೇ ಇತ್ತು.

ಇನ್ನೊಂದು ಸಲ ಬಿಟ್ಟೆ. ಹಾಗೇ ಇತ್ತು.

ಅಡುಗೆಮನೆಯಿಂದ ಅಕ್ಕ, "ಬೆಕ್ಕೇನೋ ಕಂಠಾ?" ಎಂದು ಕೂಗಿದಳು. ಹೌದೆಂದೆ.

ಮಂಗಳವಾರ ಸಂತೆಯಲ್ಲಿ ಒಂದು ಎಳೆಗರು ನೋಡಬೇಕು. ಬಣ್ಣ ಹೇಗಿದ್ದರೂ ಸರಿ, ಸುಳಿ ಹೇಗಿದ್ದರೂ ಸರಿ. ಕಿವಿ ಮಾತ್ರ ಚುರುಕಾಗಿರಬೇಕು.